ಬಾಗಿಲ ತಳದ ತೂತುಗಳು

ನಮ್ಮ ಶೆಡ್ಡಿನಲ್ಲಿ ತಗಡಿನ ಕೆಲಸ ಟಿಂಕರನದು, ಬಣ್ಣದ ಕೆಲಸ ನನ್ನದು. ಗುದ್ದಿಸಿಕೊಂಡು ಬಂದ ಕಾರನ್ನು ಅವನು ತಟ್ಟಿ ತಟ್ಟಿ ಆಕಾರಕ್ಕೆ ತರುತ್ತಾನೆ. ಉಳಿದ ಸಣ್ಣಪುಟ್ಟ ತಗ್ಗಿಗೆ ನಾನು ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆಯುತ್ತೇನೆ. ಕಾರಿನ ಯಜಮಾನರು ಬಂದು ಮೇಲೆ ಕೈಯಾಡಿಸಿ ಹೊಗಳುವುದು ನನ್ನನ್ನು. ಟಿಂಕರನ ಕೆಲಸವೆಲ್ಲ ನನ್ನ ಬಣ್ಣದ ಕೆಳಗೆ ಹೋಗಿಬಿಡುತ್ತದೆ. ಅದರ ಬಗ್ಗೆ ಅವನಿಗೆ ಬೇಸರವಿಲ್ಲ. ಇದ್ದರೂ ಹೇಳುವ ಪೈಕಿಯಲ್ಲ. ದಿನವಿಡೀ ಅವನ ಬಾಯಿಗಿಂತ ಸುತ್ತಿಗೆಯ ಸದ್ದೇ ಹೆಚ್ಚು. ಅದನ್ನು ಕೇಳಿಕೊಂಡು ಇಷ್ಟು ವರ್ಷ ನನ್ನ ತಲೆ ನೆಟ್ಟಗಿರುವುದೇ ದೊಡ್ಡದು.

ಅವನಿಗೆ ಅಣ್ಣನ ಮಗಳೊಬ್ಬಳಿದ್ದಾಳೆ. ಅವಳ ನಿಜವಾದ ಹೆಸರನ್ನು ಅವನು ಕರೆದದ್ದು ನಾನು ಕೇಳಿಲ್ಲ, ಅವಳು ಅವನಿಗೆ ಪುಟ್ಟಿ. ಚಿಕ್ಕವಳಿದ್ದಾಗ ಸ್ಕೂಲು ಬಿಟ್ಟ ಮೇಲೆ ಶೆಡ್ಡಿಗೆ ಬಂದು ಕೂರುತ್ತಿದ್ದಳು. "ಪುಟ್ಟಿ ಎಲ್ಲಿ?" ಎಂದು ಅವನು ಒಳಗಿಂದ ಕೂಗುವುದು, ನಾನು ಡಬ್ಬ ಹಿಡಿದುಕೊಂಡು ಓಡುವುದು, ಅವನು ಡಬ್ಬವನ್ನೂ ನನ್ನನ್ನೂ ನೋಡಿ ಹಣೆ ಚಚ್ಚಿಕೊಳ್ಳುವುದು. ಹೀಗೆ ಎಷ್ಟೋ ಸಲ ಆಗಿದೆ. ಈಗ ಅವಳು ಬೆಳೆದು, ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವ ಕೆಲಸ ಹಿಡಿದಿದ್ದಾಳೆ. ಊರಾಚೆಯ ಬಡಾವಣೆಗಳನ್ನೆಲ್ಲ ಸುತ್ತಬೇಕು. ಸ್ವಂತ ಗಾಡಿ ಇದ್ದವರಿಗೆ ಮಾತ್ರ ಕೆಲಸ ಎಂದು ಲ್ಯಾಬಿನವರು ಮೊದಲೇ ಹೇಳಿದ್ದರು.

ಗಾಡಿ ಮನೆಯಲ್ಲೇ ಇತ್ತು, ಒಂದು ಹಳೆಯ ಕಾರು. ಅವಳಪ್ಪನದು. ಅವಳಪ್ಪ, ಅಂದರೆ ಟಿಂಕರನ ಅಣ್ಣ, ನೀರಿನ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದವನು. ತಮ್ಮನಿಗಿಂತ ಕಡಿಮೆ ಮಾತಿನವನು ಅಂದರೆ ನೀವು ನಂಬಬೇಕು. ಅವನು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಂದಿನಿಂದ ಕಾರು ಅವನ ಹೆಂಡತಿಯ ಕೈಯಲ್ಲಿತ್ತು. ಆಕೆ ದಿನಸಿ ಅಂಗಡಿಯವರೆಗೂ ಅಕ್ಕನ ಮನೆಯವರೆಗೂ ಅದನ್ನು ಓಡಿಸುತ್ತಿದ್ದದ್ದು ಕಡಿಮೆ, ತೊಳೆಯುತ್ತಿದ್ದದ್ದು ಹೆಚ್ಚು. ಭಾನುವಾರ ಬಂತೆಂದರೆ ಪೈಪು ಹಿಡಿದು ನಿಂತರೆಂದೇ ಲೆಕ್ಕ.

ಟಿಂಕರನ ಅತ್ತಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆಕೆಗೆ ತೆರೆದ ಬಾಯಿ ಕಂಡರೆ ಆಗದು. ಸಕ್ಕರೆಯ ಡಬ್ಬಿಗೆ ಮುಚ್ಚಳ, ಮುಚ್ಚಳದ ಮೇಲೆ ಪ್ಲಾಸ್ಟಿಕ್ಕು, ಪ್ಲಾಸ್ಟಿಕ್ಕಿಗೆ ರಬ್ಬರ್ ಬ್ಯಾಂಡು. ಕಿಟಕಿಯ ಸಂದಿಗೆ ಟೇಪು, ಬಾಗಿಲಿನ ಅಡಿಗೆ ಹಳೆ ಬಟ್ಟೆಯ ಸುರುಳಿ. ಆ ಮನೆಯಲ್ಲಿ ಇರುವೆಯೊಂದು ಒಳಗೆ ಬಂದರೆ ಅದು ಯಾರದೋ ಜೇಬಿನಲ್ಲಿ ಕೂತೇ ಬಂದಿರಬೇಕು. ನಾವು ಶೆಡ್ಡಿನಲ್ಲಿ ಆಕೆಯನ್ನು ಡಬ್ಬಿ ಅಕ್ಕ ಅನ್ನುತ್ತಿದ್ದೆವು. ನಾವು ಅಂದರೆ ನಾನು. ಟಿಂಕರ್ ನಗುತ್ತಲೂ ಇರಲಿಲ್ಲ, ಬೇಡ ಅನ್ನುತ್ತಲೂ ಇರಲಿಲ್ಲ.

ಅಲ್ಲಿಯವರೆಗೆ ಆ ಕಾರು ನಮ್ಮಲ್ಲಿಗೆ ಬಂದೇ ಇರಲಿಲ್ಲ. ಒಂದು ಗೀರೂ ಬೀಳದ ಕಾರಿಗೆ ನಮ್ಮಲ್ಲೇನು ಕೆಲಸ? ಎಂಜಿನ್ನು, ಬ್ರೇಕು ನೋಡುವ ಮೆಕ್ಯಾನಿಕ್ಕು ಬೇರೆ ಇದ್ದ. ಕೆಲಸ ಖಚಿತವಾದ ಮೇಲೆ ಒಂದು ದಿನ ಪುಟ್ಟಿ ಅದನ್ನು ಓಡಿಸಿಕೊಂಡು ಬಂದಳು, ಪಕ್ಕದಲ್ಲಿ ಅಮ್ಮ. ಬಿಸಿಲಿಗೆ ನಿಲ್ಲಿಸಿದಾಗ ಅದರ ಮೈಯಲ್ಲಿ ನನ್ನ ಮುಖ ಕಾಣುತ್ತಿತ್ತು.

"ಏನಿಲ್ಲಪ್ಪಾ, ಇಲ್ಲಿ ಸ್ವಲ್ಪ ಬಣ್ಣ ಉಬ್ಬಿದೆ," ಎಂದು ಅತ್ತಿಗೆ ಬಾಗಿಲಿನ ಕೆಳ ಅಂಚು ತೋರಿಸಿದರು. "ಸೋಮವಾರದಿಂದ ಪುಟ್ಟಿ ಕೆಲಸಕ್ಕೆ ತಗೊಂಡು ಹೋಗ್ತಾಳೆ. ನೋಡಿದವರು ಏನಂದ್ಕೋತಾರೆ, ಒಂದು ಕೈ ಬಣ್ಣ ಹೊಡೆದುಬಿಡಿ."

ಹೆಸರುಬೇಳೆಯಷ್ಟು ಗುಳ್ಳೆಗಳು, ಸಾಲಾಗಿ. ನನ್ನ ಹತ್ತಿರ ಬಟ್ಟೆ ಸುತ್ತಿದ ಮ್ಯಾಗ್ನೆಟ್ಟು ಇದೆ. ಯಾವ ಹಳೆ ಕಾರು ಬಂದರೂ ಮೊದಲು ಅದನ್ನು ಮೈಮೇಲೆ ಓಡಿಸುತ್ತೇನೆ. ತಗಡು ಇದ್ದಲ್ಲಿ ಟಪ್ಪೆಂದು ಹಿಡಿಯುತ್ತದೆ, ಪುಟ್ಟಿ ದಪ್ಪಗಿದ್ದಲ್ಲಿ ಜಾರುತ್ತದೆ. ಮಾರುವವನು ಎಷ್ಟೇ ಬೆಣ್ಣೆ ಹಚ್ಚಿ ಮಾತಾಡಲಿ, ಮ್ಯಾಗ್ನೆಟ್ಟಿಗೆ ಮುಲಾಜಿಲ್ಲ. ಅತ್ತಿಗೆಯ ಕಾರಿನ ಮೇಲೆ ಅದು ಒಂದು ಕಡೆಯೂ ಜಾರಲಿಲ್ಲ. ಕಂಪನಿಯಿಂದ ಬಂದ ತಗಡು, ಕಂಪನಿಯದೇ ಬಣ್ಣ.

"ಅಕ್ಕಾ, ಈ ಕಾರು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ," ಎಂದುಬಿಟ್ಟೆ.

ಅತ್ತಿಗೆಯ ಮುಖ ಅರಳಿತು. ಕಾರು ಬಿಟ್ಟು ಇಬ್ಬರೂ ಬಸ್ಸಿಗೆ ಹೋದರು. ಅಷ್ಟು ಹೊತ್ತೂ ಟಿಂಕರ್ ಬಾಗಿಲಿನ ಬಳಿ ಕುಕ್ಕರುಗಾಲಲ್ಲಿ ಕೂತಿದ್ದ. ಅವರು ರಸ್ತೆ ತಿರುಗುವವರೆಗೂ ಕಾದು, ಸ್ಕ್ರೂಡ್ರೈವರಿನ ತುದಿಯನ್ನು ಆ ಗುಳ್ಳೆಗಳ ಮೇಲಿಟ್ಟು ಮೆಲ್ಲಗೆ ಒತ್ತಿದ. ಅದು ಬಿಸ್ಕತ್ತಿನೊಳಗೆ ಹೋದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು.

ಅವನು ಎದ್ದು ಜಾಕ್ ತಂದ. ಕಾರನ್ನು ಜಾಕ್ ಕೊಟ್ಟು ಎತ್ತಲು ಹೋದರೆ ಜಾಕೇ ತಗಡಿನೊಳಗೆ ಹೂತುಕೊಂಡಿತು. ಕೊನೆಗೆ ಚಕ್ರಗಳ ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿ, ಅಡಿಗೆ ನುಸುಳಿ, ಮಲಗಿಕೊಂಡು ನೋಡಿದ. ಸ್ವಲ್ಪ ಹೊತ್ತಿಗೆ ಅಡಿಯಿಂದಲೇ ನನ್ನನ್ನು ಕರೆದ. ನಾನೂ ನುಸುಳಿದೆ.

ಕಾರಿನ ಬಾಗಿಲುಗಳ ತಳದಲ್ಲೂ, ಬಾಗಿಲಿನ ಕೆಳಗಿರುವ ಉದ್ದದ ಪೆಟ್ಟಿಗೆಯಲ್ಲೂ (ನಾವದನ್ನು ಹೊಸಿಲು ಅನ್ನುತ್ತೇವೆ) ಕಂಪನಿಯವರೇ ಸಣ್ಣ ತೂತುಗಳನ್ನು ಕೊಟ್ಟಿರುತ್ತಾರೆ. ಕಿಟಕಿ ಗಾಜಿನ ರಬ್ಬರು ಎಷ್ಟೇ ಬಿಗಿಯಾಗಿರಲಿ, ಅದರ ಸಂದಿಯಿಂದ ನೀರು ಬಾಗಿಲಿನೊಳಗೆ ಇಳಿದೇ ಇಳಿಯುತ್ತದೆ. ಇಳಿದದ್ದು ತೂತಿನಿಂದ ಹೊರಗೆ ಹೋಗಬೇಕು. ಆ ತೂತುಗಳಲ್ಲಿ ಒಂದೂ ತೆರೆದಿರಲಿಲ್ಲ. ಎರಡು ಬಣ್ಣದ ಮುದ್ದೆಯನ್ನು ಕಲಸಿ, ಸೋರುವ ನಲ್ಲಿಗೆ, ಒಡೆದ ಬಕೆಟ್ಟಿಗೆ ಮೆತ್ತುತ್ತಾರಲ್ಲ, ಆ ಸೀಲನ್ನು ಪ್ರತಿಯೊಂದು ತೂತಿಗೂ ಅಚ್ಚುಕಟ್ಟಾಗಿ ತುಂಬಿ, ಬೆರಳಲ್ಲಿ ಸವರಿ, ಒಣಗಿದ ಮೇಲೆ ಅದಕ್ಕೆ ಕಾರಿನ ಬಣ್ಣವನ್ನೇ ಬಳಿಯಲಾಗಿತ್ತು. ಬಣ್ಣ ನಾನೇ ಹಿಂದೆ ಕಂಪನಿಯ ಬಣ್ಣದ ನಂಬರು ಕೇಳಿಕೊಂಡು ಸಣ್ಣ ಶೀಶೆಯಲ್ಲಿ ಕಲಸಿಕೊಟ್ಟದ್ದು. ಮನೆಯಲ್ಲಿರಲಿ ಎಂದು ಅತ್ತಿಗೆ ಕೇಳಿದ್ದರು. ಸೀಲಿನ ಮೇಲೆ ಆಕೆಯ ಬೆರಳ ಗೆರೆಗಳು ಹಾಗೇ ಇದ್ದವು.

ಟಿಂಕರ್ ಒಂದು ಸೀಲನ್ನು ಮೀಟಿ ತೆಗೆದ. ಕಂದು ನೀರು ಸುರಿಯಿತು. ಇಬ್ಬರ ಮುಖಕ್ಕೂ ಬಿತ್ತು.

ಹಳೆ ಕಾಲದ ಕಾರು, ಗಟ್ಟಿ ತಗಡು ಎಂದು ಹೇಳುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ. ದಪ್ಪ ಇತ್ತು, ನಿಜ. ಆದರೆ ಬರೀ ಉಕ್ಕಿನ ತಗಡು. ಹೊರಗೆ ಬಣ್ಣ, ಒಳಗಿನ ಮೂಲೆಗೆ ಆ ಬಣ್ಣವೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ತಗಡಿನ ಎರಡೂ ಮೈಗೆ ಸತುವಿನ ಲೇಪ ಕೊಡುವುದು, ಒಳಗಿನ ಪೊಳ್ಳಿಗೆಲ್ಲ ಮೇಣ ಊದುವುದು, ಇವೆಲ್ಲ ಎಲ್ಲ ಕಾರುಗಳಿಗೂ ಬಂದದ್ದು ಆಮೇಲೆ. ಕೆಲವರು ಬಾನೆಟ್ಟಿಗೆ ಅಲ್ಯೂಮಿನಿಯಂ ಹಾಕಿದರು, ಕೆಲವರು ಬಂಪರಿಗೆ ಫೈಬರ್ ಹಾಕಿದರು. ಹಳೆಯ ಬರಿಮೈ ತಗಡು ಮಾತ್ರ ಒದ್ದೆಯಲ್ಲಿ ಕೂತರೆ ಮುಗಿಯಿತು. ತುಕ್ಕು ಅದನ್ನು ಒಳಗಿಂದ ಹೊರಗೆ ತಿಂದುಕೊಂಡು ಬರುತ್ತದೆ, ಹೊರಗಿನ ಬಣ್ಣಕ್ಕೆ ಸುದ್ದಿ ಮುಟ್ಟುವುದು ಎಲ್ಲರಿಗಿಂತ ಕೊನೆಗೆ. ನನ್ನ ಮ್ಯಾಗ್ನೆಟ್ಟಿಗೆ ಕಾಗದದಷ್ಟು ತಗಡು ಉಳಿದಿದ್ದರೂ ಸಾಕು, ಟಪ್ಪೆಂದು ಹಿಡಿದುಬಿಡುತ್ತದೆ. ಮೊಮ್ಮಕ್ಕಳ ಕಾಲ ಎಂದು ನಾನು ಹೇಳಿದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಕಾಲಡಿಯ ಕಾರ್ಪೆಟ್ಟು ಎತ್ತಿದೆವು. ಕೆಳಗೆ ನೆಲ ಕಾಣುತ್ತಿತ್ತು, ಶೆಡ್ಡಿನ ನೆಲ.

"ಕತ್ತರಿಸಿ ಹೊಸ ತಗಡು ಕೂರಿಸು," ಎಂದೆ.

"ಬೆಸುಗೆ ಹಿಡಿಯೋಕೆ ಪಕ್ಕದಲ್ಲಿ ಗಟ್ಟಿ ತಗಡು ಬೇಕಲ್ಲ," ಎಂದ. "ಸೀಟ್ ಬೆಲ್ಟಿನ ಬೋಲ್ಟು ನೋಡು."

ನೋಡಿದೆ. ಬೋಲ್ಟು ಹೊಳೆಯುತ್ತಿತ್ತು. ಅದು ಕೂತಿದ್ದ ಜಾಗ ಕೈಯಲ್ಲಿ ಉದುರುತ್ತಿತ್ತು.

ಆಗ ನಾನು ಒಂದು ಮಾತು ಹೇಳಿದೆ. ನನ್ನ ಕಸುಬಿನವರು ಯಾರೇ ಆದರೂ ಹೇಳುವ ಮಾತೇ ಅದು. "ಜಾಲರಿ ಇಟ್ಟು ಪುಟ್ಟಿ ಹಾಕ್ತೀನಿ. ಮೇಲೆ ಕರೀ ಕೋಟಿಂಗು. ಊರೊಳಗೆ ನಿಧಾನಕ್ಕೆ ಓಡಿಸ್ಲಿ. ಯಾರಿಗೂ ಗೊತ್ತಾಗಲ್ಲ."

ಟಿಂಕರ್ ಕೈ ಒರೆಸಿಕೊಂಡ. "ಪುಟ್ಟಿ ಕೂರೋ ಕಾರಿಗೆ ಪುಟ್ಟಿ ಹಾಕಲ್ಲ."

ನಗು ಬರುವ ಮಾತೇ, ಬರಲಿಲ್ಲ. ಕಾರು ಇನ್ನು ರಸ್ತೆಗೆ ಇಳಿಯುವುದಿಲ್ಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಉಳಿದದ್ದು ಅದನ್ನು ಅತ್ತಿಗೆಗೆ ಹೇಗೆ ಹೇಳುವುದು ಎಂಬುದು. ಗಂಡ ಬಿಟ್ಟುಹೋದ ಕಾರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡ ಹೆಂಗಸಿಗೆ, ನೀವು ನೋಡಿಕೊಂಡದ್ದರಿಂದಲೇ ಅದು ಹೋಯಿತು ಎಂದು ಯಾವ ಬಾಯಿಂದ ಹೇಳುತ್ತಾರೆ?

"ನೀನು ಸುಮ್ನಿರು," ಎಂದು ಅವನು ನನಗೆ ಮೊದಲೇ ಹೇಳಿಟ್ಟು ಅವರ ಮನೆಗೆ ಕರೆದುಕೊಂಡು ಹೋದ. ಒಬ್ಬನೇ ಹೋಗಲು ಧೈರ್ಯವಿರಲಿಲ್ಲ ಎಂದು ನನ್ನ ಅಂದಾಜು. ಅಡುಗೆಮನೆಯ ಶೆಲ್ಫಿನ ತುಂಬ ರಬ್ಬರ್ ಬ್ಯಾಂಡು ಹಾಕಿದ ಡಬ್ಬಿಗಳು ಶಿಸ್ತಾಗಿ ಕೂತು ನಮ್ಮನ್ನೇ ನೋಡುತ್ತಿದ್ದವು. ಅತ್ತಿಗೆ ಟೀ ತಂದುಕೊಟ್ಟರು. ಲೋಟಗಳ ಮೇಲೂ ತಟ್ಟೆ ಮುಚ್ಚಿತ್ತು.

ಟಿಂಕರ್ ನೆಲ ನೋಡಿಕೊಂಡು ಹೇಳಿದ. ಹಳೆ ಕಾರು, ತಗಡಿಗೆ ಸತು ಇಲ್ಲ, ಆ ಕಾಲದಲ್ಲಿ ಹಾಕುತ್ತಿರಲಿಲ್ಲ. ಅದರ ಆಯಸ್ಸೇ ಅಷ್ಟು. ಹೊಸಿಲು ಹೋಗಿದೆ, ನೆಲ ಹೋಗಿದೆ, ಪುಟ್ಟಿಯನ್ನು ಅದರಲ್ಲಿ ಕೂರಿಸುವ ಹಾಗಿಲ್ಲ. ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಕಂಡದ್ದು ಅದೇ ಮೊದಲು. ಹೇಳಿದ ಒಂದೊಂದು ಮಾತೂ ನಿಜ. ಬಿಟ್ಟದ್ದು ಒಂದೇ.

ಅತ್ತಿಗೆ ಲೋಟದ ಮೇಲಿನ ತಟ್ಟೆಯನ್ನು ಸರಿಮಾಡಿ ಇಟ್ಟರು. ಆಮೇಲೆ, "ನಾನೆಲ್ಲಾದ್ರೂ ಸರಿಯಾಗಿ ನೋಡ್ಕೊಳ್ಳಲಿಲ್ವೇನೋ?" ಎಂದರು.

"ನಿಮ್ಮಷ್ಟು ಯಾರು ನೋಡ್ಕೋತಾರೆ ಅತ್ತಿಗೆ," ಎಂದ ಟಿಂಕರ್. ಅದೂ ನಿಜವೇ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪುಟ್ಟಿ ಅಮ್ಮನ ಬೆನ್ನ ಮೇಲೆ ಕೈಯಿಟ್ಟಳು. ಗುಜರಿಯವನು ಕಾರನ್ನು ನಮ್ಮ ಶೆಡ್ಡಿನಿಂದಲೇ ಒಯ್ದ. ಅವನು ಬರುವ ಮೊದಲು ಟಿಂಕರ್ ಮತ್ತೆ ಅಡಿಗೆ ನುಸುಳಿ ಎಲ್ಲ ಸೀಲುಗಳನ್ನೂ ಕಿತ್ತು ತೆಗೆದು ಕಸಕ್ಕೆ ಹಾಕಿದ. ಯಾರು ನೋಡುತ್ತಾರೆ ಎಂದು ನಾನು ಕೇಳಿದರೆ, ಕೆಳಗೆ ಬಿದ್ದ ಚೂರುಗಳನ್ನೂ ಹೆಕ್ಕತೊಡಗಿದ.

ಪುಟ್ಟಿ ಲ್ಯಾಬಿನವರ ಹತ್ತಿರ ಕಾಡಿಬೇಡಿ ಸ್ವಲ್ಪ ಸಮಯ ಕೇಳಿಕೊಂಡಳು. ಅಷ್ಟರಲ್ಲಿ ಟಿಂಕರ್ ಊರೆಲ್ಲ ಸುತ್ತಿ ಇನ್ನೊಂದು ಕಾರು ಹುಡುಕಿದ. ಸೆಕೆಂಡ್ ಹ್ಯಾಂಡೇ, ಆದರೆ ಸತುವಿನ ಲೇಪ ಬಂದ ಮೇಲಿನದು. ಅವನು ಕೊಳ್ಳುವ ಮೊದಲು ಅದರ ಅಡಿಯಲ್ಲಿ ಎಷ್ಟು ಹೊತ್ತು ಮಲಗಿದ್ದನೆಂದರೆ ಮಾರುವವನಿಗೆ ಇವನು ನಿದ್ದೆ ಮಾಡುತ್ತಿದ್ದಾನೋ ಎಂದು ಅನುಮಾನ ಬಂತು. ಎಡಗಡೆ ಒಂದು ಗೀರಿತ್ತು, ನಾನು ಬಣ್ಣ ಕೊಟ್ಟೆ. ಒಂದು ಬೆಳಿಗ್ಗೆ ಇಬ್ಬರೂ ಅದನ್ನು ಅವರ ಮನೆಗೆ ತೆಗೆದುಕೊಂಡು ಹೋದೆವು.

ಪುಟ್ಟಿ ಓಡಿಬಂದು ಸ್ಟಿಯರಿಂಗ್ ಹಿಡಿದು ಕೂತಳು. ಅತ್ತಿಗೆ ಬಂದು ಸುತ್ತ ಒಂದು ಸಲ ನಡೆದರು. ಬಾಗಿಲು ತೆಗೆದರು, ಮುಚ್ಚಿದರು, ಬಗ್ಗಿ ಬಾಗಿಲಿನ ತಳಕ್ಕೆ ಬೆರಳು ಹಚ್ಚಿ ಸವರಿಕೊಂಡು ಹೋದರು.

"ಅಯ್ಯೋ, ಇದರಲ್ಲೂ ತೂತು ಬಿಟ್ಟಿದಾರಲ್ಲೋ!" ಎಂದರು. "ಇಷ್ಟೊಂದು ಮುಂದುವರಿದು ಏನು ಬಂತು? ಇರು, ಬಂದೆ."

ಒಳಗೆ ಹೋದವರು ಸೀಲಿನ ಪ್ಯಾಕೆಟ್ಟು ಹಿಡಿದು ಬಂದರು. ಮೆಟ್ಟಿಲ ಮೇಲೆ ಕೂತು, ಎರಡೂ ಮುದ್ದೆಯಿಂದ ಸಮಸಮ ಚಿವುಟಿ, ಅಂಗೈಯಲ್ಲಿ ಕಲಸತೊಡಗಿದರು. ಎಷ್ಟೋ ದಿನಗಳ ಮೇಲೆ ಆಕೆಯ ಮುಖದಲ್ಲಿ ಗೆಲುವು ಕಂಡಿತು. "ಅದಂತೂ ಹಳೇ ತಗಡು ಅಂತ ಹೋಯ್ತು. ಇದನ್ನಾದ್ರೂ ಮೊದಲನೇ ದಿನದಿಂದ್ಲೇ ಭದ್ರ ಮಾಡ್ತೀನಿ," ಎಂದರು.

ನಾನು ಟಿಂಕರನ ಕಡೆ ನೋಡಿದೆ. ಅವನ ಮುಖ ಕಪ್ಪಿಟ್ಟಿತ್ತು. ಸತು ಇದ್ದರೆ ಇನ್ನಷ್ಟು ವರ್ಷ ತಡೆಯುತ್ತದೆ, ಅಷ್ಟೇ. ನೀರು ಕೂತರೆ ಇದೂ ಹೋಗುತ್ತದೆ, ಅದರೊಳಗೆ ಪುಟ್ಟಿ ಕೂತಿರುತ್ತಾಳೆ. ಆಕೆ ಹಚ್ಚಿ ಹೋದ ಮೇಲೆ ಸಂಜೆ ಕದ್ದು ಬಂದು ಕಿತ್ತರಾಯಿತು ಎಂದು ನನಗನ್ನಿಸಿತು. ಅವನಿಗೂ ಅನ್ನಿಸಿರಬೇಕು, ಯಾಕೆಂದರೆ ಬಾಯಿ ತೆರೆದವನು ಮತ್ತೆ ಮುಚ್ಚಿದ. ಅತ್ತಿಗೆ ಮುದ್ದೆ ಹಿಡಿದುಕೊಂಡು ಎದ್ದು, ಕಾರಿನ ಪಕ್ಕ ಮೊಣಕಾಲೂರಿದರು.

"ಅತ್ತಿಗೆ, ಹಚ್ಚಬೇಡಿ," ಎಂದ ಟಿಂಕರ್.

"ಯಾಕೋ?"

"ಅದು ನೀರು ಹೊರಗೆ ಹೋಗೋಕೆ ಬಿಟ್ಟಿರೋ ತೂತು."

"ಒಳಗೆ ಬಂದ್ರೆ ತಾನೇ ಹೊರಗೆ ಹೋಗೋದು? ಮುಚ್ಚಿಬಿಟ್ರೆ ಒಳಗೇ ಬರಲ್ವಲ್ಲ."

"ಮೇಲಿಂದ ಬರುತ್ತೆ ಅತ್ತಿಗೆ. ಗಾಜಿನ ಸಂದಿಯಿಂದ. ನೀವು ಪೈಪ್ ಹಿಡಿದ್ರೂ ಬರುತ್ತೆ. ಇದನ್ನ ಮುಚ್ಚಿದ್ರೆ ಅದು ಒಳಗೇ ನಿಲ್ಲುತ್ತೆ." ಅವನು ಬಾಗಿಲಿನ ಮೇಲೆ ಕೈಯಿಟ್ಟ. "ಆ ಕಾರು ಹೋಗಿದ್ದು ಅದಕ್ಕೇನೇ. ಸತು ಇರ್ಲಿಲ್ಲ ಅನ್ನೋದೂ ನಿಜ. ಆದ್ರೆ ನೀರು ನಿಂತು ಹೋಯ್ತು."

ಅತ್ತಿಗೆ ಮುದ್ದೆ ಹಿಡಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು. ಪುಟ್ಟಿ ಕಾರಿನಿಂದ ಇಳಿದು ನಿಂತಳು. 

"ಅಂದ್ರೆ ನಾನೇ," ಎಂದರು.

ಟಿಂಕರ್ ತಲೆ ತಗ್ಗಿಸಿದ.

"ಇಲ್ಲ, ಇರು. ಅದು ಹೇಗಾಗುತ್ತೆ?" ಎಂದು ಆಕೆ ತಲೆ ಎತ್ತಿದರು. ದನಿಯಲ್ಲಿ ಸ್ವಲ್ಪ ಆಸೆಯಿತ್ತು. "ನಿಮ್ಮಣ್ಣ ಇದ್ದಾಗ್ಲೂ ನಾನು ಮುಚ್ತಾ ಇದ್ನಲ್ಲ. ಕಾರು ಮನೆಗೆ ಬಂದಾಗಿಂದ ಮುಚ್ತಾ ಇದೀನಿ. ಆಗ ಯಾಕೆ ಏನೂ ಆಗ್ಲಿಲ್ಲ?"

ಟಿಂಕರ್ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಆಗ ಇದು ನಿಲ್ತಾನೇ ಇರ್ಲಿಲ್ಲ ನೋಡು," ಎಂದು ಆಕೆಯೇ ಮುಂದುವರಿಸಿದರು. "ಹಚ್ಚಿದ ನಾಲ್ಕು ದಿನಕ್ಕೆ ಬಗ್ಗಿ ನೋಡಿದ್ರೆ ತೂತು ಹಾಗೇ ಬಾಯಿ ಬಿಟ್ಕೊಂಡು ಇರೋದು. ಉದುರಿಹೋಯ್ತು ಅಂತ ಮತ್ತೆ ಹಚ್ತಿದ್ದೆ. ಕಳಪೆ ಮಾಲು ಕೊಡ್ತೀಯಾ ಅಂತ ಅಂಗಡಿಯವನ ಹತ್ರ ಜಗಳಾನೂ ಆಡಿದೀನಿ. ನಿಮ್ಮಣ್ಣ ಪಕ್ಕದಲ್ಲೇ ನಿಂತಿದ್ರು. ಬಿಡೇ, ಬೇರೆ ಕಂಪನಿದು ತಗೊಳ್ಳೋಣ ಅಂತ ಅವರೇ ಸಮಾಧಾನ ಮಾಡಿ ಕರ್ಕೊಂಡು ಬಂದ್ರು. ಅದೂ ನಿಲ್ಲಲಿಲ್ಲ. ಅವರು ಹೋದ ಮೇಲೇನೇ ಗಟ್ಟಿಯಾಗಿ ಕೂತಿದ್ದು. ಸದ್ಯ, ಈಗಲಾದ್ರೂ ನಿಂತಿತಲ್ಲ ಅಂತ ನನಗೆ ಎಷ್ಟು ಖುಷಿ..."

 ಆಕೆ ಆ ತೂತಿನ ಕಡೆ ನೋಡಿದರು, ಮೈದುನನ ಕಡೆ ನೋಡಿದರು. ಅವನು ಮುಖ ಆಚೆ ತಿರುಗಿಸಿಕೊಂಡಿದ್ದ. ಪುಟ್ಟಿ "ಅಪ್ಪ..." ಎಂದಳು.

"ಅವರು ಕೆರೆದು ತೆಗೀತಿದ್ರು," ಎಂದರು ಅತ್ತಿಗೆ. "ಸಲಸಲಾನೂ. ನಾನು ಮಲಗಿದ ಮೇಲೋ, ಕೆಲಸಕ್ಕೆ ಹೊರಡೋವಾಗ್ಲೋ."

ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು. ನನಗೆ ಆ ಸತ್ತವನ ಮೇಲೆ ಪ್ರೀತಿಯೂ ಬಂತು, ಕೆಟ್ಟ ಸಿಟ್ಟೂ ಬಂತು. ಯಾವುದು ಮೊದಲು ಬಂತೋ ಹೇಳಲಾರೆ.

"ಹೇಳಬಹುದಿತ್ತಲ್ಲೋ ಅವರು."

"ನಿಮಗೆ ಬೇಜಾರಾಗುತ್ತೆ ಅಂತ ಇರ್ಬೇಕು ಅತ್ತಿಗೆ," ಎಂದ ಟಿಂಕರ್, ತಿರುಗದೆಯೇ.

"ಆಗ್ತಿತ್ತು. ಒಂದು ಹೊತ್ತು ಮುಖ ಊದಿಸ್ಕೊಂಡು ಕೂತಿರ್ತಿದ್ದೆ. ರಾತ್ರಿ ಊಟಕ್ಕೆ ಬಡಿಸೋ ಹೊತ್ತಿಗೆ ಸರಿ ಹೋಗ್ತಿದ್ದೆ." ಅಂಗೈಯಲ್ಲಿದ್ದ ಮುದ್ದೆ ಅಷ್ಟರಲ್ಲಿ ಗಟ್ಟಿಯಾಗತೊಡಗಿತ್ತು. ಆಕೆ ಅದನ್ನು ಬಿಡಿಸಿಕೊಳ್ಳಲು ಹೋಗಲಿಲ್ಲ. "ಅವರದು ಅಂತ ಈ ಮನೇಲಿ ಉಳಿದಿದ್ದು ಅದೊಂದು ಕಾರು ಕಣೋ. ಅದನ್ನ ಉಳಿಸ್ಕೊಳ್ಳೋದು ಹೇಗೆ ಅಂತ ನನಗೆ ಹೇಳದೇನೇ ಹೋದ್ರು."